ಹಚ್ಚೆ ಅಳಿಸುವ ಲೇಸರ್: ಬೇಡಿಕೆ, ಬಂಡವಾಳ ಮತ್ತು ಹೊಣೆ

ಮುಂಗೈಯ ಮೇಲೆ ಒಂದು ಹೆಸರನ್ನು ಬರೆಸಿಕೊಳ್ಳಲು ಇಂದಿನ ವಿದ್ಯುತ್ ಯಂತ್ರಕ್ಕೆ ಅರ್ಧ ಗಂಟೆ ಸಾಕು. ಅದೇ ಹೆಸರನ್ನು ಲೇಸರ್ ಕಿರಣದಿಂದ ಅಳಿಸಲು ಒಂದು ವರ್ಷ ಬೇಕಾಗಬಹುದು, ಎರಡು ವರ್ಷವೂ ಬೇಕಾಗಬಹುದು. ಖರ್ಚಂತೂ ಬರೆಸಿದ್ದಕ್ಕಿಂತ ಹಲವು ಪಟ್ಟು. ಈ ಅಂತರದಲ್ಲಿಯೇ ಇಂದು ಒಂದು ಸೇವಾ ವ್ಯವಹಾರ ರೂಪುಗೊಂಡಿದೆ. ಒಂದು ಕಾಲಕ್ಕೆ ಮಹಾನಗರಗಳ ದೊಡ್ಡ ಆಸ್ಪತ್ರೆಗಳಿಗೆ ಸೀಮಿತವಾಗಿದ್ದ ಈ ಚಿಕಿತ್ಸೆ ಈಗ ಜಿಲ್ಲಾ ಕೇಂದ್ರಗಳ ಚರ್ಮರೋಗ ಚಿಕಿತ್ಸಾಲಯಗಳಿಗೂ ಬಂದಿದೆ. ಯಂತ್ರ ಮಾರುವವರು, ಸಾಲ ಕೊಡುವವರು, ಕಟ್ಟಡ ಬಾಡಿಗೆಗೆ ನೀಡುವವರು, ಪಾಲುದಾರರಾಗಿ ಹಣ ಹೂಡುವವರು ಎಲ್ಲರೂ ಇದರತ್ತ ಕಣ್ಣು ಹಾಯಿಸುತ್ತಿದ್ದಾರೆ.

ಆದರೆ ಈ ವ್ಯವಹಾರದಲ್ಲಿ ಮಾರಾಟವಾಗುವ ಸರಕು ಯಾವುದು ಎಂಬುದನ್ನು ಸ್ಪಷ್ಟವಾಗಿ ತಿಳಿದವರು ಕಡಿಮೆ. 'ಒಂದೇ ದಿನದಲ್ಲಿ ಸಂಪೂರ್ಣ ನಿರ್ಮೂಲನೆ' ಎಂಬ ಫಲಕ ತೂಗುಹಾಕಿದವರು ವಾಸ್ತವದಲ್ಲಿ ಇಲ್ಲದ ಸರಕನ್ನು ಮಾರುತ್ತಾರೆ. ಹಚ್ಚೆಯನ್ನು ಲೇಸರ್ ಒಡೆಯುತ್ತದೆ ಅಷ್ಟೆ. ಅದನ್ನು ತೆರವುಗೊಳಿಸುವುದು ಗ್ರಾಹಕನ ಶರೀರವೇ. ಶರೀರಕ್ಕೆ ಬೇಕಾದ ಕಾಲವನ್ನು ಯಾವ ಬಂಡವಾಳವೂ ಕಡಿತಗೊಳಿಸಲಾರದು. ಈ ಒಂದು ಸಂಗತಿಯನ್ನು ಆಧಾರವಾಗಿಟ್ಟುಕೊಂಡೇ ಬೇಡಿಕೆ, ಬಂಡವಾಳ, ಬೆಲೆ ಮತ್ತು ಹೊಣೆಗಳನ್ನು ಅಳೆಯಬೇಕು.

ಕೊರವಂಜಿಯ ಸೂಜಿಯಿಂದ ವಿದ್ಯುತ್ ಯಂತ್ರದವರೆಗೆ

ಹಚ್ಚೆ ನಮ್ಮ ನಾಡಿಗೆ ಹೊಸದೇನಲ್ಲ. ಊರೂರು ತಿರುಗುತ್ತಿದ್ದ ಕೊರವಂಜಿಯರು ದೀಪದ ಕಾಡಿಗೆಯನ್ನು ಸೊಪ್ಪಿನ ರಸದಲ್ಲಿ ಕಲಸಿ, ಸೂಜಿಗಳಿಂದ ಚುಚ್ಚಿ, ಹೆಣ್ಣುಮಕ್ಕಳ ಕೈಗಳ ಮೇಲೆ ತುಳಸಿಕಟ್ಟೆ, ಚೇಳು, ರಂಗೋಲಿಯ ಎಳೆಗಳನ್ನು ಮೂಡಿಸುತ್ತಿದ್ದರು. ಕೂಲಿಯಾಗಿ ಕಾಳು, ಎಲೆ ಅಡಿಕೆ, ಹಳೆಯ ಸೀರೆ ಸಲ್ಲುತ್ತಿದ್ದವು. ಒಡವೆ ವಸ್ತ್ರಗಳೆಲ್ಲ ಇಲ್ಲಿಯೇ ಉಳಿದು, ಸತ್ತಮೇಲೆ ಜೊತೆಗೆ ಬರುವುದು ಹಚ್ಚೆಯೊಂದೇ ಎಂಬ ನಂಬಿಕೆ ಬಲವಾಗಿತ್ತು. ಅಳಿಯದಿರುವುದೇ ಅದರ ಮೌಲ್ಯವಾಗಿದ್ದ ಆ ವ್ಯವಸ್ಥೆಯಲ್ಲಿ ಅಳಿಸುವ ಪ್ರಶ್ನೆ ಹುಟ್ಟಲು ಆಸ್ಪದ ಕಡಿಮೆ ಇತ್ತು.

ಯಂತ್ರದ ಹಚ್ಚೆಯ ಮೂಲ ಅಮೆರಿಕದಲ್ಲಿದೆ. ಥಾಮಸ್ ಎಡಿಸನ್ 1876ರಲ್ಲಿ ಪೇಟೆಂಟ್ ಪಡೆದ ವಿದ್ಯುತ್ ಲೇಖನಿ ಕಾಗದದಲ್ಲಿ ರಂಧ್ರ ಕೊರೆದು ಪ್ರತಿಗಳನ್ನು ತೆಗೆಯಲು ರೂಪಿಸಿದ ಕಚೇರಿ ಸಾಧನವಾಗಿತ್ತು. ಅದೇ ತತ್ವವನ್ನು ಆಧರಿಸಿ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಒ'ರೈಲಿ 1891ರಲ್ಲಿ ಹಚ್ಚೆಯ ಯಂತ್ರಕ್ಕೆ ಪೇಟೆಂಟ್ ಪಡೆದನು. ಕೈಕೆಲಸವಾಗಿದ್ದದ್ದು ಅಂಗಡಿಯ ಕೆಲಸವಾಯಿತು. ನಮ್ಮಲ್ಲಿ 2000ದ ದಶಕದಿಂದೀಚೆಗೆ ಚಲನಚಿತ್ರ ತಾರೆಯರು ಮತ್ತು ಕ್ರಿಕೆಟ್ ಆಟಗಾರರ ಅನುಕರಣೆಯಿಂದ ಇದು ಯುವಜನರಲ್ಲಿ ಹರಡಿತು. ಕಾಲೇಜಿನ ವಯಸ್ಸಿನಲ್ಲಿ ಪ್ರೀತಿಪಾತ್ರರ ಹೆಸರು, ನಟನ ಭಾವಚಿತ್ರ, ಅರ್ಥ ತಿಳಿಯದ ಪರಭಾಷೆಯ ಅಕ್ಷರಗಳನ್ನು ಚುಚ್ಚಿಸಿಕೊಂಡವರು ಕೆಲವೇ ವರ್ಷಗಳಲ್ಲಿ ನೌಕರಿ, ವಿವಾಹ, ಕುಟುಂಬಗಳ ಹೊಸ್ತಿಲಿಗೆ ಬಂದಾಗ ಪಶ್ಚಾತ್ತಾಪದ ಮಾರುಕಟ್ಟೆ ಹುಟ್ಟಿಕೊಳ್ಳುತ್ತದೆ.

ನೌಕರಿಯ ಬಾಗಿಲಲ್ಲಿ

ಈ ಪಶ್ಚಾತ್ತಾಪ ಕೇವಲ ಭಾವನೆಯದಲ್ಲ, ಜೀವನೋಪಾಯದ್ದೂ ಹೌದು. ಇದರ ಸ್ಪಷ್ಟ ನಿದರ್ಶನ ಸಶಸ್ತ್ರ ಪಡೆಗಳ ಭರ್ತಿಯಲ್ಲಿ ದೊರೆಯುತ್ತದೆ. ಭಾರತೀಯ ಭೂಸೇನೆ ಶಾಶ್ವತ ಹಚ್ಚೆಯನ್ನು ಮೊಣಕೈಯಿಂದ ಮಣಿಕಟ್ಟಿನವರೆಗಿನ ಒಳಭಾಗದಲ್ಲಿ ಹಾಗೂ ಅಂಗೈಯ ಹಿಂಬದಿಯಲ್ಲಿ ಮಾತ್ರ ಮಾನ್ಯ ಮಾಡುತ್ತದೆ. ಸಂಪ್ರದಾಯದಂತೆ ಹಚ್ಚೆ ಹಾಕಿಸಿಕೊಳ್ಳುವ ಬುಡಕಟ್ಟು ಸಮುದಾಯಗಳ ಅಭ್ಯರ್ಥಿಗಳಿಗೆ ಪ್ರತ್ಯೇಕ ರಿಯಾಯಿತಿ ಇದೆ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಿಗಾಗಿ 2015ರಲ್ಲಿ ಹೊರಡಿಸಲಾದ ವೈದ್ಯಕೀಯ ಮಾರ್ಗಸೂಚಿ ಇನ್ನೂ ನಿರ್ದಿಷ್ಟವಾಗಿದೆ. ಧಾರ್ಮಿಕ ಚಿಹ್ನೆ ಅಥವಾ ಹೆಸರಿಗೆ ಅವಕಾಶವುಂಟು. ಆದರೆ ಅದು ಎಡ ಮುಂಗೈಯ ಒಳಭಾಗದಲ್ಲಿ ಅಥವಾ ಅಂಗೈಯ ಹಿಂಬದಿಯಲ್ಲಿ ಇರಬೇಕು ಮತ್ತು ಆ ಅಂಗದ ನಾಲ್ಕನೇ ಒಂದು ಭಾಗಕ್ಕಿಂತ ಚಿಕ್ಕದಾಗಿರಬೇಕು. ಬಲಗೈ ವಂದನೆ ಸಲ್ಲಿಸುವ ಕೈಯಾದ ಕಾರಣ ಅಲ್ಲಿನ ಹಚ್ಚೆ ಅನರ್ಹತೆಗೆ ಕಾರಣವಾಗುತ್ತದೆ.

ಲಿಖಿತ ಪರೀಕ್ಷೆ, ಓಟ, ಎತ್ತರ, ಎದೆಯಳತೆ ಎಲ್ಲದರಲ್ಲಿ ಉತ್ತೀರ್ಣರಾದವರು ಒಂದು ಬಲಗೈಯ ಚಿತ್ರದಿಂದ ಹಿಂತಿರುಗಬೇಕಾದ ಪ್ರಕರಣಗಳು ನ್ಯಾಯಾಲಯವನ್ನೂ ತಲುಪಿವೆ. 2022ರಲ್ಲಿ ದೆಹಲಿ ಹೈಕೋರ್ಟ್ ಹೀಗೆ ತಿರಸ್ಕೃತನಾದ ಅಭ್ಯರ್ಥಿಯೊಬ್ಬನಿಗೆ ಹಚ್ಚೆಯನ್ನು ತೆಗೆಸಿಕೊಂಡು ಹೊಸ ವೈದ್ಯಕೀಯ ಮಂಡಳಿಯ ಮುಂದೆ ಹಾಜರಾಗಲು ಅವಕಾಶ ನೀಡಿತು. ಅವಕಾಶ ದೊರೆತರೂ ಅವಧಿ ದೊರೆಯಬೇಕಲ್ಲ! ಭರ್ತಿಯ ವಯೋಮಿತಿ ಕೆಲವೇ ವರ್ಷಗಳದ್ದು. ಲೇಸರ್ ಚಿಕಿತ್ಸೆ ಅದರಲ್ಲಿ ಒಂದೆರಡು ವರ್ಷಗಳನ್ನು ನುಂಗಬಲ್ಲದು. ಬೆಳಗಾವಿ, ಕೊಡಗು, ಧಾರವಾಡಗಳಂತಹ ಜಿಲ್ಲೆಗಳಲ್ಲಿ ಪ್ರತಿ ಭರ್ತಿಗೂ ಸಾಲುಗಟ್ಟುವ ಯುವಕರ ಕುಟುಂಬಗಳು ತಿಳಿಯಬೇಕಾದ ಸಂಗತಿ ಇದು. ಭರ್ತಿಯ ಪ್ರಕಟಣೆ ಬಂದ ಬಳಿಕ ಚಿಕಿತ್ಸಾಲಯದ ಬಾಗಿಲು ತಟ್ಟುವವರಿಗೆ ವಾಗ್ದಾನ ಮಾಡುವುದು ಸುಲಭ, ಅದನ್ನು ಪೂರೈಸುವುದು ಕಠಿಣ.

ಬೆಳಕು ಮಸಿಯನ್ನು ಒಡೆಯುವ ಬಗೆ

ಹಚ್ಚೆಯ ಮಸಿ ನಿಲ್ಲುವುದು ಹೊರಚರ್ಮದಲ್ಲಲ್ಲ, ಅದರ ಕೆಳಗಿನ ಒಳಚರ್ಮದಲ್ಲಿ. ಅಲ್ಲಿನ ಭಕ್ಷಕ ಕೋಶಗಳು ಮಸಿಯ ಕಣಗಳನ್ನು ಪರಕೀಯ ವಸ್ತುವೆಂದು ನುಂಗುತ್ತವೆ. ಆದರೆ ಕಣಗಳು ದೊಡ್ಡದಾದ ಕಾರಣ ಸಾಗಿಸಲಾರದೆ ಹೊಟ್ಟೆಯಲ್ಲಿಟ್ಟುಕೊಂಡೇ ಕುಳಿತುಬಿಡುತ್ತವೆ. ಒಂದು ಕೋಶ ಸತ್ತರೆ ಅದು ಬಿಟ್ಟ ಮಸಿಯನ್ನು ಪಕ್ಕದ ಹೊಸ ಕೋಶ ಹಿಡಿದುಕೊಳ್ಳುತ್ತದೆ. ಫ್ರಾನ್ಸಿನ ವಿಜ್ಞಾನಿಗಳು 2018ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳಿಂದ ಈ ಕೈಬದಲಾವಣೆಯನ್ನು ತೋರಿಸಿಕೊಟ್ಟರು. ಹಚ್ಚೆ ದಶಕಗಳ ಕಾಲ ಉಳಿಯುವುದಕ್ಕೆ ಕಾರಣ ಇದೇ.

ಮೊದಲ ಲೇಸರ್ ಅನ್ನು ಥಿಯೋಡರ್ ಮೈಮನ್ 1960ರಲ್ಲಿ ಮಾಣಿಕ್ಯದ ಹರಳಿನಿಂದ ಸಾಧಿಸಿದನು. ಕೆಲವೇ ವರ್ಷಗಳಲ್ಲಿ ಅಮೆರಿಕದ ವೈದ್ಯ ಲಿಯಾನ್ ಗೋಲ್ಡ್‌ಮನ್ ಅದನ್ನು ಹಚ್ಚೆಯ ಮೇಲೆ ಪರೀಕ್ಷಿಸಿದನು. ಆದರೆ ಚರ್ಮವನ್ನು ಸುಡದೆ ಮಸಿಯನ್ನು ಮಾತ್ರ ಗುರಿಮಾಡುವ ಸೂತ್ರ ಸ್ಪಷ್ಟವಾದುದು 1983ರಲ್ಲಿ. ಆ ವರ್ಷ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಷ್ ಎಂಬ ಸಂಶೋಧಕರು ಗುರಿಯ ಬಣ್ಣ ಹೀರಿಕೊಳ್ಳುವ ತರಂಗಾಂತರವನ್ನು ಆರಿಸಿ, ಶಾಖ ಸುತ್ತಲಿನ ಅಂಗಾಂಶಕ್ಕೆ ಹರಡುವ ಮೊದಲೇ ಮುಗಿಯುವಷ್ಟು ಕಿರು ಸ್ಪಂದನವನ್ನು ನೀಡಬೇಕೆಂಬ ತತ್ವವನ್ನು ಪ್ರತಿಪಾದಿಸಿದರು. ಮಸಿಯ ಕಣ ಅತಿ ಸೂಕ್ಷ್ಮವಾದ ಕಾರಣ ಸ್ಪಂದನವೂ ಅತಿ ಕ್ಷಿಪ್ರವಾಗಿರಬೇಕು. ಕ್ಯೂ-ಸ್ವಿಚ್ ಲೇಸರ್‌ಗಳ ಸ್ಪಂದನ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗವಾದ ನ್ಯಾನೊಸೆಕೆಂಡುಗಳಲ್ಲಿ ಇರುತ್ತದೆ. 2012ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಪಿಕೊಸೆಕೆಂಡ್ ಲೇಸರ್ ಅದಕ್ಕಿಂತಲೂ ಕಿರಿದಾದ ಸ್ಪಂದನವನ್ನು ನೀಡುತ್ತದೆ.

ಈ ಕ್ಷಿಪ್ರ ಆಘಾತದಿಂದ ಕಣ ಒಡೆದು ಚೂರಾಗುತ್ತದೆ. ಚೂರುಗಳನ್ನು ಭಕ್ಷಕ ಕೋಶಗಳು ಮತ್ತು ದುಗ್ಧರಸ ವಾರಗಟ್ಟಲೆ ಸಾಗಿಸುತ್ತವೆ. ಅಂದರೆ ಮಸಿ ಆವಿಯಾಗಿ ಹೋಗುವುದಿಲ್ಲ. ಹಚ್ಚೆಯ ಬಣ್ಣದ ಕಣಗಳು ಚರ್ಮದಿಂದ ದುಗ್ಧಗ್ರಂಥಿಗಳಿಗೆ ತಲುಪಿ ಅಲ್ಲಿ ನೆಲೆಸುವುದನ್ನು ಜರ್ಮನಿ ಮತ್ತು ಫ್ರಾನ್ಸಿನ ಸಂಶೋಧಕರು 2017ರಲ್ಲಿ ದಾಖಲಿಸಿದ್ದಾರೆ. ಚರ್ಮದ ಮೇಲೆ ಕಾಣದಂತಾಗುವುದೇ ಈ ಸೇವೆಯ ನಿಜವಾದ ವ್ಯಾಪ್ತಿ.

ಅವಸರಕ್ಕೆ ಇಲ್ಲಿ ಲಾಭವಿಲ್ಲ

ಎಷ್ಟು ಸಲ ಚಿಕಿತ್ಸೆ ಬೇಕು ಎಂಬುದು ಪ್ರತಿಯೊಬ್ಬ ಗ್ರಾಹಕನ ಮೊದಲ ಪ್ರಶ್ನೆ. ಇಟಲಿಯ ವೈದ್ಯರು 352 ಜನರನ್ನು ಕ್ಯೂ-ಸ್ವಿಚ್ ಲೇಸರ್‌ನಿಂದ ಚಿಕಿತ್ಸಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಳ್ಳೆಯ ಉತ್ತರ. ಹತ್ತು ಸರದಿಗಳ ಬಳಿಕ ಯಶಸ್ಸು ಕಂಡವರು ಶೇ. 47ರಷ್ಟು; ಹದಿನೈದು ಸರದಿಗಳ ಬಳಿಕ ಶೇ. 75ರಷ್ಟು. ಉಳಿದ ಕಾಲು ಭಾಗದವರಿಗೆ ಹದಿನೈದು ಸರದಿಯೂ ಸಾಲಲಿಲ್ಲ. ಕಪ್ಪು ಮತ್ತು ಕೆಂಪನ್ನು ಬಿಟ್ಟ ಬಣ್ಣಗಳು, 30 ಚದರ ಸೆಂಟಿಮೀಟರ್‌ಗಿಂತ ದೊಡ್ಡ ಚಿತ್ರಗಳು, ಕಾಲು ಮತ್ತು ಪಾದದ ಮೇಲಿನವು, ಮೂರು ವರ್ಷಕ್ಕಿಂತ ಹಳೆಯವು, ದಟ್ಟ ಮಸಿಯವು ಕಠಿಣವೆನಿಸಿದವು. ಧೂಮಪಾನಿಗಳಲ್ಲಿ ಹತ್ತು ಸರದಿಗಳೊಳಗೆ ಯಶಸ್ವಿಯಾಗುವ ಸಂಭವ ಸುಮಾರು ಶೇ. 70ರಷ್ಟು ಕುಗ್ಗಿತು.

ಎಲ್ಲಕ್ಕಿಂತ ಗಮನಾರ್ಹವಾದುದು ಇನ್ನೊಂದು ಅಂಶ. ಎಂಟು ವಾರ ಅಥವಾ ಅದಕ್ಕೂ ಕಡಿಮೆ ಅಂತರದಲ್ಲಿ ಚಿಕಿತ್ಸೆ ಪಡೆದವರಲ್ಲಿ ಯಶಸ್ಸು ಕಡಿಮೆಯಾಗಿತ್ತು. ತಿಂಗಳಿಗೊಮ್ಮೆ ಕರೆಸಿ ಬೇಗ ಮುಗಿಸುವ ಪ್ರಯತ್ನ ಗ್ರಾಹಕನ ಹಣವನ್ನು ವ್ಯಯಮಾಡುತ್ತದೆಯೇ ಹೊರತು ಶರೀರದ ಗತಿಯನ್ನು ಬದಲಿಸುವುದಿಲ್ಲ. ಎಂಟು ವಾರಗಳ ಅಂತರದಲ್ಲಿ ಹತ್ತು ಸರದಿಗಳೆಂದರೆ ಮೊದಲಿನಿಂದ ಕೊನೆಯವರೆಗೆ 72 ವಾರ. ಹದಿನೈದು ಸರದಿಗಳೆಂದರೆ 112 ವಾರ. ಗ್ರಾಹಕನಿಗೆ ಮೊದಲ ದಿನವೇ ತಿಳಿಸಬೇಕಾದ ಲೆಕ್ಕ ಇದು. ಎಲ್ಲರಿಗೂ ಇಷ್ಟು ಬೇಕೆಂದಲ್ಲ. ಕಾಡಿಗೆಯಿಂದ ಮಾಡಿದ, ಮಸಿ ತೆಳುವಾಗಿರುವ ಹವ್ಯಾಸಿ ಹಚ್ಚೆಗಳು ಸಾಮಾನ್ಯವಾಗಿ ಕಡಿಮೆ ಸರದಿಗಳಲ್ಲಿ ಮಸಕಾಗುತ್ತವೆ. ಹಳೆಯ ಚಿತ್ರದ ಮೇಲೆ ಹೊಸ ಚಿತ್ರ ಬರೆಸಿಕೊಳ್ಳುವವರಿಗೂ ಕೇವಲ ಮಸಕು ಮಾಡುವಷ್ಟು ಸರದಿಗಳು ಸಾಕಾಗುತ್ತವೆ.

ಕಂದು ಚರ್ಮ, ಬಣ್ಣದ ಮಸಿ

ನಮ್ಮ ಜನರ ಚರ್ಮದಲ್ಲಿ ಸಹಜ ವರ್ಣದ್ರವ್ಯವಾದ ಮೆಲನಿನ್ ಹೆಚ್ಚು. ಅದೂ ಲೇಸರ್ ಬೆಳಕನ್ನು ಹೀರುತ್ತದೆ. ತರಂಗಾಂತರ ಚಿಕ್ಕದಾದಷ್ಟು ಮೆಲನಿನ್ ಹೀರುವ ಪ್ರಮಾಣ ಹೆಚ್ಚು. ಪರಿಣಾಮವಾಗಿ ಹೊರಚರ್ಮ ಸುಡುವ, ಕಪ್ಪು ಕಲೆ ಅಥವಾ ಬಿಳಿ ಮಚ್ಚೆ ಉಳಿಯುವ ಅಪಾಯವೂ ಹೆಚ್ಚು. ಆದುದರಿಂದ ಕಂದು ಚರ್ಮಕ್ಕೆ 1064 ನ್ಯಾನೊಮೀಟರ್ ತರಂಗಾಂತರದ ಎನ್‌ಡಿ-ಯಾಗ್ ಲೇಸರ್ ಹೆಚ್ಚು ಸುರಕ್ಷಿತವೆಂದು ಪರಿಗಣಿತವಾಗಿದೆ. ಕಪ್ಪು ಮತ್ತು ಕಡುನೀಲಿ ಮಸಿಗೆ ಅದು ಸಮರ್ಥ. ಕೆಂಪಿಗೆ 532 ನ್ಯಾನೊಮೀಟರ್ ಕಿರಣ ಬೇಕು. ಹಸಿರು ಮತ್ತು ತಿಳಿನೀಲಿಗೆ 694 ಅಥವಾ 755 ನ್ಯಾನೊಮೀಟರ್. ಒಂದೇ ಕಿರಣ ಎಲ್ಲ ಬಣ್ಣಗಳಿಗೂ ಆಗುವುದಿಲ್ಲವಾದ ಕಾರಣ, ಒಂದೇ ಯಂತ್ರ ಕೊಂಡವನು ಬಣ್ಣಬಣ್ಣದ ಚಿತ್ರವನ್ನೆಲ್ಲ ಅಳಿಸಿಕೊಡುವೆನೆಂದು ಒಪ್ಪಿಕೊಳ್ಳಬಾರದು.

ಬ್ಯೂಟಿ ಪಾರ್ಲರ್‌ಗಳಲ್ಲಿ ಹುಬ್ಬು ತಿದ್ದಲು, ತುಟಿಗೆ ಬಣ್ಣ ನೀಡಲು ಬಳಸುವ ಮಸಿಯದು ಬೇರೆಯೇ ಸಮಸ್ಯೆ. ಇವುಗಳಲ್ಲಿ ಕಬ್ಬಿಣದ ಆಕ್ಸೈಡ್ ಮತ್ತು ಟೈಟೇನಿಯಂ ಡೈಆಕ್ಸೈಡ್ ಇರುತ್ತವೆ. ಲೇಸರ್ ತಗುಲಿದೊಡನೆ ಅವು ರಾಸಾಯನಿಕವಾಗಿ ಬದಲಾಗಿ, ಚರ್ಮದ ಬಣ್ಣ ಅಥವಾ ಗುಲಾಬಿ ಬಣ್ಣದ ಮಸಿ ಕ್ಷಣಾರ್ಧದಲ್ಲಿ ಕಪ್ಪಾಗಬಹುದು. ಮುಖದ ಮೇಲೆ ಇಂತಹ ಅವಘಡವಾದರೆ ಚಿಕಿತ್ಸಾಲಯದ ಹೆಸರಿಗೂ ಅದೇ ಕಪ್ಪು ಅಂಟುತ್ತದೆ. ಒಂದು ಸಣ್ಣ ಜಾಗದಲ್ಲಿ ಮೊದಲು ಪರೀಕ್ಷಿಸಿ ನೋಡುವುದು ಇದಕ್ಕಾಗಿಯೇ.

ಬಂಡವಾಳ ಹೂಡುವವರ ಲೆಕ್ಕ

ಲೇಸರ್ ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಅನಗತ್ಯ ಕೂದಲು ತೆಗೆಯುವ ಲೇಸರ್ ಮತ್ತು ತೀವ್ರ ಬೆಳಕಿನ ಯಂತ್ರಗಳ ಸ್ಪಂದನ ಮಿಲಿಸೆಕೆಂಡುಗಳದು. ಅಂದರೆ ನ್ಯಾನೊಸೆಕೆಂಡಿಗಿಂತ ಹತ್ತು ಲಕ್ಷ ಪಟ್ಟು ದೀರ್ಘ. ಅವುಗಳನ್ನು ಹಚ್ಚೆಯ ಮೇಲೆ ಪ್ರಯೋಗಿಸಿದರೆ ಮಸಿ ಒಡೆಯುವ ಬದಲು ಕಾದು ಸುತ್ತಲಿನ ಚರ್ಮವನ್ನು ಸುಡುತ್ತದೆ. ಇರುವ ಯಂತ್ರದಲ್ಲಿಯೇ ಇದನ್ನೂ ಮಾಡಿಬಿಡೋಣ ಎಂಬ ಜಾಣತನ ಇಲ್ಲಿ ನಡೆಯದು. ಹಳೆಯ ಯಂತ್ರ ಕೊಳ್ಳುವವರು ತರಂಗಾಂತರ, ಸ್ಪಂದನದ ಅವಧಿ, ವಾಸ್ತವವಾಗಿ ಹೊರಬೀಳುವ ಶಕ್ತಿ, ದೀಪದ ಉಳಿದ ಆಯುಸ್ಸು ಮತ್ತು ರಾಜ್ಯದೊಳಗೇ ದುರಸ್ತಿ ಸೇವೆ ದೊರೆಯುವುದೇ ಎಂಬುದನ್ನು ಬರಹದಲ್ಲಿ ಪಡೆಯಬೇಕು. ತರಂಗಾಂತರಕ್ಕೆ ತಕ್ಕ ಕನ್ನಡಕ, ಹೊಗೆ ಹೀರುವ ಸಾಧನ, ಸ್ಥಿರ ವಿದ್ಯುತ್ ಪೂರೈಕೆ, ಹೊಳಪಿಲ್ಲದ ಗೋಡೆಗಳು ಯಂತ್ರದಷ್ಟೇ ಅಗತ್ಯ. ಚದುರಿದ ಒಂದು ಕಿರಣ ಕಣ್ಣಿನ ದೃಷ್ಟಿಯನ್ನೇ ಕಸಿಯಬಲ್ಲದು.

ಲಾಭನಷ್ಟದ ಸ್ವರೂಪವನ್ನು ತಿಳಿಯಲು ಒಂದು ಕಲ್ಪಿತ ಲೆಕ್ಕವನ್ನು ನೋಡಬಹುದು. ಯಂತ್ರದ ಬೆಲೆ 20 ಲಕ್ಷ ರೂಪಾಯಿ, ಅದರ ಆಯುಸ್ಸು ಐದು ವರ್ಷ ಎಂದಿಟ್ಟುಕೊಂಡರೆ ವರ್ಷಕ್ಕೆ ಸವಕಳಿ 4 ಲಕ್ಷ. ಶೇ. 12ರ ದರದಲ್ಲಿ ಮೊದಲ ವರ್ಷದ ಬಡ್ಡಿ 2.4 ಲಕ್ಷ. ವಾರ್ಷಿಕ ನಿರ್ವಹಣೆ 1.6 ಲಕ್ಷ. ಒಟ್ಟು 8 ಲಕ್ಷ. ವರ್ಷಕ್ಕೆ 250 ಕೆಲಸದ ದಿನಗಳಾದರೆ ಯಂತ್ರವೊಂದೇ ದಿನಕ್ಕೆ 3,200 ರೂಪಾಯಿ ಕೇಳುತ್ತದೆ; ವೈದ್ಯರ ಸಂಭಾವನೆ, ಬಾಡಿಗೆ, ಸಿಬ್ಬಂದಿಯ ವೇತನ ಬೇರೆ. ದಿನಕ್ಕೆ ಐದು ಸರದಿ ಗುರಿಯಾದರೆ ವರ್ಷಕ್ಕೆ 1,250 ಸರದಿ ಬೇಕು. ಒಬ್ಬ ಗ್ರಾಹಕ ಎಂಟು ವಾರಕ್ಕೊಮ್ಮೆ ಮಾತ್ರ ಬರುವುದರಿಂದ ವರ್ಷಕ್ಕೆ ಅವನಿಂದ ದೊರೆಯುವುದು ಆರೇಳು ಸರದಿ. ಅಂದರೆ ಸುಮಾರು 200 ಜನರು ಏಕಕಾಲದಲ್ಲಿ ಚಿಕಿತ್ಸೆಯಲ್ಲಿರಬೇಕು. ಸಣ್ಣ ತಾಲ್ಲೂಕು ಕೇಂದ್ರದಲ್ಲಿ ಅಷ್ಟು ಜನರು ನಿರಂತರವಾಗಿ ದೊರೆಯುವರೇ ಎಂಬುದನ್ನು ಸಾಲಪತ್ರಕ್ಕೆ ಸಹಿ ಹಾಕುವ ಮೊದಲೇ ಕೇಳಿಕೊಳ್ಳಬೇಕು. ಎರಡು ಮೂರು ಚಿಕಿತ್ಸಾಲಯಗಳು ಸೇರಿ ಒಂದು ಯಂತ್ರವನ್ನು ಹಂಚಿಕೊಳ್ಳುವುದು ಅಥವಾ ಕೆಲವು ಬಗೆಯ ಹುಟ್ಟುಮಚ್ಚೆ, ವರ್ಣದೋಷಗಳ ಚಿಕಿತ್ಸೆಗೂ ಅದನ್ನು ಬಳಸುವುದು ವಿವೇಕದ ಮಾರ್ಗ.

ಬೆಲೆ ನಿಗದಿಯಲ್ಲಿಯೂ ಎಚ್ಚರ ಬೇಕು. ಸಂಪೂರ್ಣ ನಿರ್ಮೂಲನೆಗೆ ಇಂತಿಷ್ಟು ಎಂದು ಒಟ್ಟು ಮೊತ್ತವನ್ನು ಮುಂಗಡ ಪಡೆದವರು ಆರನೆಯ ಸರದಿಯ ಹೊತ್ತಿಗೆ ಹಣವನ್ನೂ ಸೌಹಾರ್ದವನ್ನೂ ಕಳೆದುಕೊಂಡಿರುತ್ತಾರೆ. ಚಿತ್ರದ ವಿಸ್ತೀರ್ಣದ ಮೇಲೆ ಸರದಿಯೊಂದಕ್ಕೆ ದರ ನಿಗದಿಪಡಿಸಿ, ಪ್ರತಿ ಬಾರಿಯೂ ಒಂದೇ ಬೆಳಕಿನಲ್ಲಿ ಛಾಯಾಚಿತ್ರ ತೆಗೆದು ದಾಖಲೆ ಇಡುವುದು ಉಭಯತರಿಗೂ ಕ್ಷೇಮ.

ಕಾನೂನು ಮತ್ತು ತೆರಿಗೆ

ಲೇಸರ್‌ನಿಂದ ಹಚ್ಚೆ ಅಳಿಸುವುದು ವೈದ್ಯಕೀಯ ಕ್ರಿಯೆ, ಪಾರ್ಲರ್ ಸೇವೆಯಲ್ಲ. ಭಾರತೀಯ ಚರ್ಮರೋಗ ತಜ್ಞರ ಸಂಘ ಪ್ರಕಟಿಸಿದ ಮಾರ್ಗಸೂಚಿ ಇದಕ್ಕೆ ಚರ್ಮರೋಗ ಶಾಸ್ತ್ರದ ವಿದ್ಯಾರ್ಹತೆ ಹಾಗೂ ಲೇಸರ್ ತರಬೇತಿಯನ್ನು ಅಪೇಕ್ಷಿಸುತ್ತದೆ. ರಾಜ್ಯದಲ್ಲಿ ಖಾಸಗಿ ಚಿಕಿತ್ಸಾಲಯಗಳು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಡಿ ನೋಂದಣಿ ಪಡೆಯಬೇಕು. ವೈದ್ಯಕೀಯ ಸಾಧನಗಳೆಲ್ಲವೂ 2020ರ ಏಪ್ರಿಲ್‌ನಿಂದ ಔಷಧ ಕಾನೂನಿನ ವ್ಯಾಪ್ತಿಗೆ ಬಂದಿರುವುದರಿಂದ, ಯಂತ್ರವನ್ನು ಆಮದು ಮಾಡಿ ಮಾರುವವರು 2017ರ ವೈದ್ಯಕೀಯ ಸಾಧನಗಳ ನಿಯಮಾವಳಿಯನ್ನು ಓದಿಕೊಂಡೇ ಮುಂದುವರಿಯಬೇಕು.

ಸರಕು ಮತ್ತು ಸೇವಾ ತೆರಿಗೆಯಲ್ಲಿ ಆರೋಗ್ಯ ಸೇವೆಗೆ ವಿನಾಯಿತಿ ಇದ್ದರೂ, ಕೂದಲು ಕಸಿ, ಸೌಂದರ್ಯ ಮತ್ತು ಪ್ಲಾಸ್ಟಿಕ್ ಶಸ್ತ್ರಚಿಕಿತ್ಸೆಗಳನ್ನು ಅದರಿಂದ ಹೊರಗಿಡಲಾಗಿದೆ. ಹುಟ್ಟಿನಿಂದ ಬಂದ ದೋಷ, ಗಾಯ ಮುಂತಾದವುಗಳಿಂದ ಕೆಟ್ಟ ಅಂಗವನ್ನು ಸರಿಪಡಿಸುವ ಚಿಕಿತ್ಸೆಗೆ ಮಾತ್ರ ವಿನಾಯಿತಿ ಮುಂದುವರಿಯುತ್ತದೆ. ಸ್ವಇಚ್ಛೆಯಿಂದ ಬರೆಸಿಕೊಂಡ ಹಚ್ಚೆಯ ನಿರ್ಮೂಲನೆಯನ್ನು ತೆರಿಗೆಮುಕ್ತವೆಂದು ಭಾವಿಸಿ ದರಪಟ್ಟಿ ಅಚ್ಚು ಹಾಕಿಸುವ ಮುನ್ನ ಲೆಕ್ಕಪರಿಶೋಧಕರನ್ನು ಕಾಣುವುದು ಒಳಿತು.

ಜಾಹೀರಾತಿನ ಹೊಣೆಯೂ ಚಿಕ್ಕದಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ ಕೇಂದ್ರ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. 'ಕಲೆಯಿಲ್ಲ, ನೋವಿಲ್ಲ, ಒಂದೇ ಸರದಿ' ಎಂಬ ಮೂರು ಮಾತುಗಳಲ್ಲಿ ಮೂರು ದಾವೆಗಳಿಗೆ ಎಡೆಯಿದೆ.

ಅಂಗಡಿಯಲ್ಲಿ ಇಡಬಾರದ ಸರಕು

ಸೌಂದರ್ಯವರ್ಧಕಗಳ ವರ್ತಕರು ಗಮನಿಸಬೇಕಾದ ಸಂಗತಿಯೊಂದಿದೆ. ಹಚ್ಚೆ ಅಳಿಸುವ ಮುಲಾಮು, ದ್ರಾವಣ, ಮನೆಯಲ್ಲೇ ಬಳಸುವ ಕಿಟ್‌ಗಳಾವುದಕ್ಕೂ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅನುಮತಿ ನೀಡಿಲ್ಲ. ಚರ್ಮದ ಉರಿ, ಕಲೆಗಳ ಬಗ್ಗೆ ಎಚ್ಚರಿಸಿದೆ. ಹೊರಚರ್ಮಕ್ಕೆ ಹಚ್ಚಿದ ಮುಲಾಮು ಒಳಚರ್ಮದ ಮಸಿಯನ್ನು ತಲುಪುವುದಿಲ್ಲ. ತಲುಪುವಷ್ಟು ತೀಕ್ಷ್ಣವಾದ ಆಮ್ಲ ಹಚ್ಚೆಯ ಜಾಗದಲ್ಲಿ ಶಾಶ್ವತ ಗಾಯದ ಗುರುತನ್ನು ಬಿಡುತ್ತದೆ.

ಮಸಿಯ ವರ್ತಕರಿಗೂ ಕಾಲ ಬದಲಾಗುತ್ತಿದೆ. ಯುರೋಪಿಯನ್ ಒಕ್ಕೂಟ 2022ರ ಜನವರಿಯಿಂದ ಹಚ್ಚೆಯ ಮಸಿಯಲ್ಲಿ ಸಾವಿರಾರು ರಾಸಾಯನಿಕಗಳನ್ನು ನಿರ್ಬಂಧಿಸಿದ್ದು, ಒಂದು ನೀಲಿ ಹಾಗೂ ಒಂದು ಹಸಿರು ವರ್ಣದ್ರವ್ಯಕ್ಕೆ 2023ರ ಜನವರಿಯಿಂದ ನಿರ್ಬಂಧ ಜಾರಿಗೆ ಬಂದಿತು. 2025ರಲ್ಲಿ ಕರ್ನಾಟಕದ ಆರೋಗ್ಯ ಸಚಿವರು ಹಚ್ಚೆ ಮಸಿಯಲ್ಲಿನ ಲೋಹಾಂಶಗಳ ಬಗ್ಗೆ ಕಳವಳ ವ್ಯಕ್ತಪಡಿಸಿ, ಮಸಿಗೆ ಮಾನದಂಡ ರೂಪಿಸುವಂತೆ ಕೇಂದ್ರವನ್ನು ಕೋರುವುದಾಗಿ ತಿಳಿಸಿದರು. ಘಟಕಾಂಶಗಳ ವಿವರವಿಲ್ಲದ ಬಾಟಲಿಗಳನ್ನು ಅಗ್ಗಕ್ಕೆ ತರಿಸಿ ಸಂಗ್ರಹಿಸುವುದು ಇನ್ನು ಮುಂದೆ ದೂರದೃಷ್ಟಿಯ ವ್ಯಾಪಾರವೆನಿಸದು. ಮಸಿಯಲ್ಲಿ ಏನಿದೆ ಎಂಬುದು ತಿಳಿದಿದ್ದರೆ ಮುಂದೊಮ್ಮೆ ಅಳಿಸುವ ವೈದ್ಯನ ಕೆಲಸವೂ ಸುಗಮವಾಗುತ್ತದೆ.

ಹಚ್ಚೆ ಬರೆಯುವವನೂ ಅಳಿಸುವವನೂ ಒಂದೇ ಗ್ರಾಹಕನ ಎರಡು ವಯಸ್ಸುಗಳೊಂದಿಗೆ ವ್ಯವಹರಿಸುತ್ತಾರೆ. ಬರೆಯುವ ಅಂಗಡಿಯವನು ಹದಿನೆಂಟರ ಯುವಕನಿಗೆ, ಅವನು ಸೇನೆ ಅಥವಾ ಪೊಲೀಸ್ ಪಡೆಯ ಆಕಾಂಕ್ಷಿಯೇ ಎಂದು ಕೇಳಿ ಬಲಗೈಯನ್ನು ಬಿಟ್ಟುಬಿಡೆಂದು ಹೇಳಿದರೆ ಅವನಿಗಾಗುವ ನಷ್ಟ ಒಂದು ದಿನದ ಕೂಲಿ. ಯುವಕನಿಗೆ ಉಳಿಯುವುದು ಒಂದು ನೌಕರಿ. ಅಳಿಸುವ ಚಿಕಿತ್ಸಾಲಯ ಸರದಿಗಳ ಅಂದಾಜು, ಅವುಗಳ ನಡುವಿನ ಅಂತರ, ಉಳಿಯಬಹುದಾದ ಕಲೆ, ಒಟ್ಟು ಖರ್ಚು ಈ ನಾಲ್ಕನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಮೊದಲ ದಿನವೇ ಕೊಟ್ಟರೆ ಕೆಲವು ಗ್ರಾಹಕರು ಹಿಂತಿರುಗಿ ಹೋಗಬಹುದು. ಉಳಿದವರು ಹದಿನೈದನೆಯ ಸರದಿಯವರೆಗೂ ಬರುತ್ತಾರೆ. ಈ ವ್ಯವಹಾರ ನಿಲ್ಲುವುದು ಅವರ ಮೇಲೆಯೇ.